ಸಾಹೇಬರ ಮಣ್ಣು

ಆ ಭಾನುವಾರದ ರಂಪವೆಲ್ಲ ಶುರುವಾದದ್ದು ಒಂದು ಬನಿಯನ್ನಿನಿಂದ. ಸ್ನಾನ ಮುಗಿಸಿ ಬಂದ ಗುಡುಗಪ್ಪನವರು ಅದನ್ನು ತಲೆಯಿಂದ ಇಳಿಸಿಕೊಂಡರೋ ಇಲ್ಲವೋ, ಒಳಗೆ ಮೊದಲೇ ಬಿಡಾರ ಹೂಡಿದ್ದ ಇರುವೆಗಳು ಬೆನ್ನು, ಹೊಟ್ಟೆ, ಕಂಕುಳು ಎನ್ನದೆ ಬಾಯಿ ಹಾಕಿದವು.

ಗುಡುಗಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ವಠಾರದವರು ಸೇರಿ ಇಟ್ಟದ್ದು. ವಿದ್ಯುತ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತರು ಅವರು. ಕರೆಂಟು ಹೋದವರ ಬೈಗುಳವನ್ನೆಲ್ಲ ದಿನವಿಡೀ "ಆಯ್ತು ಸಾರ್" ಎಂದು ನುಂಗಿ, ಸಂಜೆ ಮನೆಗೆ ಬಂದು ಬಡ್ಡಿ ಸಮೇತ ಕಕ್ಕುತ್ತಿದ್ದರು. ರಜೆಯ ದಿನ ಬೈಯುವವರೂ ಇರುವುದಿಲ್ಲ, ಆದರೆ ಸಿಟ್ಟಿಗೆ ರಜೆಯಿಲ್ಲ.

ಬನಿಯನ್ನನ್ನು ಕಿತ್ತೆಸೆದು, ಇರುವೆ ಔಷಧಿಯ ಸ್ಪ್ರೇ ಡಬ್ಬ ಹಿಡಿದು ಸಾಲಿನ ಬೆನ್ನು ಹತ್ತಿದರು. ಸಾಲು ಬೀರುವಿನಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಹೋಗಿತ್ತು. "ನನ್ನ ಬನಿಯನ್ನೇ ಬೇಕಿತ್ತಾ ನಿಮಗೆ? ಬೇಕಿತ್ತಾ?" ಎನ್ನುತ್ತಾ, ಪ್ರತಿ ಪ್ರಶ್ನೆಗೂ ಒಮ್ಮೆ ಒತ್ತುತ್ತಾ ಹೋದವರು, ಡಬ್ಬ ಬುಸ್ ಎಂದು ಬರಿದಾದ ಮೇಲೆಯೇ ಕಣ್ಣು ಬಿಟ್ಟು ನೋಡಿದ್ದು. ಮುಂದೆ, ಕಿಟಕಿಯ ಕಟ್ಟೆಯ ಮೇಲೆ, ಮುಚ್ಚಳ ಅರ್ಧ ತೆರೆದ ಗಾಜಿನ ಪೆಟ್ಟಿಗೆ. ಒಳಗಿನ ಮಣ್ಣಿನ ಮೇಲೆ ಔಷಧಿ ಎಣ್ಣೆಯ ಹಾಗೆ ಹೊಳೆಯುತ್ತಿತ್ತು.

ಗುಡುಗಪ್ಪನವರು ಖಾಲಿ ಡಬ್ಬವನ್ನು ಅಲ್ಲೇ ಕೈಬಿಟ್ಟರು. ಅದು ಹೆಂಡತಿ ಸಾಕಿದ ಬಸವನಹುಳುವಿನ ಮನೆ. ಗಂಡನನ್ನು ಬರೀ 'ರೀ' ಎಂದು ಕರೆಯುವ ಆಕೆ ಹುಳುವನ್ನು ಮಾತ್ರ "ಸಾಹೇಬ್ರು ಸೌತೆಕಾಯಿ ತಿಂದ್ರಾ? ಸಾಹೇಬ್ರಿಗೆ ನಿದ್ದೆ ಬಂತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದಳು. ಪುಣ್ಯಕ್ಕೆ ಸಾಹೇಬರು ಪೆಟ್ಟಿಗೆಯ ಹೊರಮೈಗೆ ಅಂಟಿಕೊಂಡು ವಾಯುವಿಹಾರದಲ್ಲಿದ್ದರು. ಗುಡುಗಪ್ಪನವರು ಅವರನ್ನು ಮೆಲ್ಲಗೆ ಬಿಡಿಸಿ, ತೊಳೆದ ಟಿಫನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಮಲಗಿಸಿದರು.

ಸಾಹೇಬರು ಉಳಿದರು. ಆದರೆ ಮಣ್ಣು ವಿಷವಾಗಿತ್ತು. ಹೆಂಡತಿ ಅಕ್ಕನ ಮನೆಗೆ ಮಗು ನೋಡಲು ಹೋದವಳು ಸಂಜೆಗೆ ಬರುತ್ತಾಳೆ. ಹಿಂದಿನ ವಾರ ಗುಡುಗಪ್ಪನವರು ಸಿಟ್ಟಿನಲ್ಲಿ ರೇಡಿಯೋ ಒಡೆದಾಗ ಆಕೆ ಕೂಗಾಡಿರಲಿಲ್ಲ. "ಇನ್ನೊಂದು ಸಲ ನಿಮ್ಮ ಸಿಟ್ಟಿಂದ ಈ ಮನೇಲಿ ಏನಾದ್ರೂ ಹಾಳಾದ್ರೆ ನಾನು ಅಕ್ಕನ ಮನೇಲೇ ಇದ್ಬಿಡ್ತೀನಿ" ಎಂದಿದ್ದಳು, ಅಷ್ಟೇ. ಆಕೆ ಯಾವ ಮಾತನ್ನೂ ಎರಡು ಸಲ ಹೇಳುವವಳಲ್ಲ.

ವಿಷದ ಮಣ್ಣನ್ನು ಚೀಲಕ್ಕೆ ಕಟ್ಟಿ ಎಸೆದು, ಪೆಟ್ಟಿಗೆ ತಿಕ್ಕಿ ತೊಳೆದು, ಇನ್ನೊಂದು ಚೀಲ ಹಿಡಿದು ಹೊರಟರು. ಮೆಟ್ಟಿಲ ಮೇಲೆ ಮಹಡಿ ಮನೆಯ ಮೇಷ್ಟ್ರು ಸಿಕ್ಕರು. ವಿಜ್ಞಾನ ಕಲಿಸಿ ನಿವೃತ್ತರಾದವರು. ಕಲಿಸುವುದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ಎಲ್ಲಿಗೆ ಹೊರಟ್ರಿ ಇಷ್ಟು ಅವಸರದಲ್ಲಿ?"

"ಮಣ್ಣಿಗೆ."

ಮೇಷ್ಟ್ರ ಮುಖ ಸಪ್ಪಗಾಯಿತು. "ಅಯ್ಯೋ ಪಾಪ. ಯಾರು ಹೋಗಿದ್ದು?"

"ಯಾರೂ ಹೋಗಿಲ್ಲ. ನಾನು ಹೋಗ್ತಿದ್ದೀನಿ. ನೀವು ದಾರಿ ಬಿಟ್ರೆ."

ಗಿಡ ಮಾರುವ ನರ್ಸರಿಯಲ್ಲಿ ಮಣ್ಣಿನ ಮೂಟೆಗಳು ಗೋಡೆಯೆತ್ತರಕ್ಕೆ ಬಿದ್ದಿದ್ದವು. ನರ್ಸರಿಯವನು ನಗುನಗುತ್ತಲೇ ಬಂದ.

"ಗೊಬ್ಬರ ಹಾಕಿರಬಾರದು, ಔಷಧಿ ಹೊಡೆದಿರಬಾರದು, ಉಪ್ಪಿನ ಅಂಶ ಇರಬಾರದು. ಅಂಥ ಮಣ್ಣು ಕೊಡಿ" ಎಂದರು ಗುಡುಗಪ್ಪನವರು.

"ಏನು ಬೆಳೀತೀರಾ ಸಾರ್?"

"ಏನೂ ಬೆಳೆಯಲ್ಲ."

"ಮತ್ತೆ ಮಣ್ಣು ಯಾಕೆ?"

"ಬಸವನಹುಳುಗೆ ರೀ, ಬಸವನಹುಳುಗೆ."

"ಮೊದಲೇ ಹೇಳಬಾರದಾ?" ನರ್ಸರಿಯವನು ಒಳಗೆ ಹೋಗಿ ಒಂದು ಪೊಟ್ಟಣ ತಂದ. "ಇದನ್ನ ಒಂದು ಚಮಚ ಉದುರಿಸಿ ಸಾರ್. ಬೆಳಗಾಗೋದ್ರೊಳಗೆ ಒಂದೂ ಉಳಿಯಲ್ಲ. ಮರಿ ಸಮೇತ ಸಾಯ್ತವೆ."

ಗುಡುಗಪ್ಪನವರ ಗಂಟಲಿನ ಗೇಟು ಹಾರಿತು. ಆ ಪೊಟ್ಟಣವನ್ನು ಅವನೇ ತಿನ್ನಲಿ ಎಂಬಲ್ಲಿಂದ ಹಿಡಿದು, ಮಣ್ಣು ಮಾರುವವನಿಗೆ ಮಣ್ಣೂ ಗೊತ್ತಿಲ್ಲ, ತಲೆಯಲ್ಲೂ ಅದೇ ತುಂಬಿದೆ ಎಂಬಲ್ಲಿಯವರೆಗೆ ಹೇಳಿದರು. ನರ್ಸರಿಯವನು ಪೊಟ್ಟಣವನ್ನು ಜೇಬಿಗೆ ಸೇರಿಸಿದ. "ತೆಂಗಿನ ನಾರಿನ ಪುಡಿ ಇತ್ತು ಸಾರ್, ಶುದ್ಧವಾದ್ದು, ಏನೂ ಬೆರೆಸದೇ ಇರೋದು. ಈಗ ನಿಮಗೆ ಕೊಡಲ್ಲ" ಎಂದು ಬಾಗಿಲು ತೋರಿಸಿದ.

ದಾರಿಯಲ್ಲಿ ಹೊಸ ಮನೆಗೆ ಪಾಯ ತೋಡಿ ಮಣ್ಣು ಗುಡ್ಡೆ ಹಾಕಿದ್ದರು. ಕೆಂಪಗೆ, ಪುಡಿಪುಡಿಯಾಗಿ, ನೋಡಿದರೆ ಸಾಹೇಬರಿಗೆಂದೇ ಜರಡಿ ಹಿಡಿದಂತಿತ್ತು. ಬಗ್ಗಿ ಚೀಲ ತುಂಬುತ್ತಿದ್ದಾಗ ಹಿಂದಿನಿಂದ ಕೆಮ್ಮು ಕೇಳಿಸಿತು. ಮೇಷ್ಟ್ರು. ಸಾವಿನ ಮನೆ ಯಾವುದೆಂದು ತಿಳಿಯದೆ ಸಮಾಧಾನವಾಗದೆ ಬೆನ್ನ ಹಿಂದೆಯೇ ಬಂದಿದ್ದರು. ಗುಡುಗಪ್ಪನವರು ವಿಷಯ ಹೇಳಲೇಬೇಕಾಯಿತು.

"ಪಾಯದ ಮಣ್ಣಾ?" ಮೇಷ್ಟ್ರು ತಲೆಯಾಡಿಸಿದರು. "ಗೆದ್ದಲು ಬರಬಾರದು ಅಂತ ಇದಕ್ಕೆ ಔಷಧಿ ಹೊಡೆದಿರ್ತಾರೆ. ನಿಮ್ಮ ಸ್ಪ್ರೇ ಇದರ ಮುಂದೆ ಗಂಧದ ನೀರು. ನೀವು ಹೀಗೆ ಮಾಡಿ. ಮರದ ಬುಡದ ಮಣ್ಣು ತಗೊಳ್ಳಿ. ಅದರಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತೆ. ಆವಿಯಲ್ಲಿ ಬೇಯಿಸಿದರೆ ಎಲ್ಲಾ ಸಾಯುತ್ತೆ."

"ಎಲ್ಲಿ ಬೇಯಿಸೋದು?"

"ಮನೆಯಲ್ಲಿ ಕುಕ್ಕರ್ ಇಲ್ಲವೇ?"

ಬೇರೆ ದಿನವಾಗಿದ್ದರೆ ಗುಡುಗಪ್ಪನವರು ಮೇಷ್ಟ್ರನ್ನೇ ಕುಕ್ಕರಿಗೆ ಹಾಕುತ್ತಿದ್ದರು. ಆದರೆ ಹೊತ್ತು ನೆತ್ತಿ ದಾಟಿತ್ತು. ರಸ್ತೆ ಬದಿಯ ಮರದ ಬುಡದಿಂದ ಕೈಯಲ್ಲೇ ಕೆರೆದು ತಂದ ಮಣ್ಣನ್ನು ಹೆಂಡತಿಯ ಕುಕ್ಕರಿಗೆ ಸುರಿದು, ನೀರು ಹೊಯ್ದು, ಒಲೆ ಹಚ್ಚಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು ಆವಿಯ ಗುಣಗಳನ್ನು ವಿವರಿಸತೊಡಗಿದರು. ಕುಕ್ಕರು ಕೂಗಲಿಲ್ಲ. ಇನ್ನಷ್ಟು ಹೊತ್ತು ಕಾದರೂ ಕೂಗಲಿಲ್ಲ. ಬಸುರಿ ಎಮ್ಮೆಯಂತೆ ಗುರುಗುಟ್ಟಿ, ಅಲುಗಾಡಿತು.

"ತೂತಿಗೆ ಮಣ್ಣು ಕಟ್ಟಿಕೊಂಡಿರಬೇಕು" ಎಂದು ಮೇಷ್ಟ್ರು ಬಗ್ಗಿದರು. ಅಷ್ಟರಲ್ಲಿ ಸೀಟಿ ಢಬ್ ಎಂದು ಚಾವಣಿಗೆ ಹಾರಿತು. ಅದರ ಹಿಂದೆಯೇ ಕೆಸರು ಕಾರಂಜಿಯಾಗಿ ಎದ್ದು ಚಾವಣಿ, ಗೋಡೆ, ಡಬ್ಬಿಗಳ ಸಾಲು, ಮೇಷ್ಟ್ರ ಕನ್ನಡಕ, ಎಲ್ಲಕ್ಕೂ ಸಮನಾಗಿ ಬಳಿಯಿತು.

"ಮುಂದಿನ ಸಲ ನೀರು ಸ್ವಲ್ಪ ಕಮ್ಮಿ ಹಾಕೋಣ" ಎಂದರು ಮೇಷ್ಟ್ರು, ಕನ್ನಡಕ ತೆಗೆಯದೆ.

ಗುಡುಗಪ್ಪನವರು ಏನೇನು ಹೇಳಿದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಎದುರು ಮನೆಯ ಪಾರಿವಾಳಗಳು ಎದ್ದು ಹೋದವು. ಮೇಷ್ಟ್ರು "ವಿಜ್ಞಾನಕ್ಕೆ ತಾಳ್ಮೆ ಬೇಕು" ಎನ್ನುತ್ತಾ ಹೋದರು.

ಇನ್ನು ಉಳಿದದ್ದು ಒಂದೇ ದಾರಿ. ಆ ದಾರಿ ಎದುರು ಮನೆಯಲ್ಲೇ ಇತ್ತು. ಅಲ್ಲಿನ ಕುಂಡದಜ್ಜಿ ತನ್ನ ಕುಂಡಗಳಿಗೆ ಒಣ ಎಲೆ, ತರಕಾರಿ ಸಿಪ್ಪೆ ಬಿಟ್ಟು ಬೇರೇನನ್ನೂ ಸೋಕಿಸುತ್ತಿರಲಿಲ್ಲ. ಆದರೆ ಗುಡುಗಪ್ಪನವರಿಗೂ ಅಜ್ಜಿಗೂ ಮಾತು ಬಿಟ್ಟು ವರ್ಷವಾಗಿತ್ತು. ಕುಂಡದ ನೀರು ತಮ್ಮ ಒಗೆದ ಅಂಗಿಯ ಮೇಲೆ ತೊಟ್ಟಿಕ್ಕಿದ್ದಕ್ಕೆ ಅವರು ಅಜ್ಜಿಯ ಏಳು ತಲೆಮಾರನ್ನು ಬೀದಿಗೆ ಕರೆದು ನಿಲ್ಲಿಸಿದ್ದರು.

ಬಾಗಿಲು ತಟ್ಟಿದರು. ಅಜ್ಜಿ ನೋಡಿ ಮುಚ್ಚಿದಳು. ಮತ್ತೆ ತಟ್ಟಿದರು. ಬಾಯಿಗೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ತಡೆದು, ಕಚೇರಿಯಲ್ಲಿ ಮಾತ್ರ ಬಳಸುವ ದನಿಯನ್ನು ಹೊರಗೆ ತೆಗೆದರು.

"ಅಜ್ಜಿ, ಆವತ್ತು ತಪ್ಪಾಯ್ತು. ಸ್ವಲ್ಪ ಮಣ್ಣು ಬೇಕಿತ್ತು."

ಇರುವೆಯಿಂದ ಹಿಡಿದು ಅವರು ಹೇಳಿದ್ದೆಲ್ಲವನ್ನೂ ಅಜ್ಜಿ ಕೇಳಿಸಿಕೊಂಡಳು. ಗಿಡವಿಲ್ಲದೆ ಬಿಟ್ಟಿದ್ದ ಒಂದು ಕುಂಡ ತೋರಿಸಿದಳು. "ತಗೊಂಡು ಹೋಗಪ್ಪ. ನಿನ್ನ ಮುಖ ನೋಡಿ ಅಲ್ಲ, ಆ ಮೂಕ ಪ್ರಾಣಿ ಮುಖ ನೋಡಿ ಕೊಡ್ತಿದ್ದೀನಿ. ಆದ್ರೆ ಒಂದು ಮಾತು. ಇನ್ಮೇಲೆ ನಿನ್ನ ಗಂಟಲು ಈ ಗೋಡೆ ದಾಟಿ ನನ್ನ ಕಿವಿಗೆ ಬಿದ್ರೆ, ಆಗಿಂದಾಗ್ಲೇ ಬಂದು ನನ್ನ ಮಣ್ಣು ವಾಪಸ್ ತಗೊಂಡು ಹೋಗ್ತೀನಿ."

"ದಾಟಲ್ಲ ಅಜ್ಜಿ."

ಕಪ್ಪಗೆ, ತಂಪಾಗಿ, ಹಿಡಿದರೆ ಅಂಟುವ, ಬಿಟ್ಟರೆ ಉದುರುವ ಮಣ್ಣು. ಗುಡುಗಪ್ಪನವರು ಪೆಟ್ಟಿಗೆ ತುಂಬಿ, ಮೇಲೆ ಒಣ ಎಲೆ ಹರಡಿ, ಸಾಹೇಬರನ್ನು ಇಳಿಬಿಟ್ಟರು. ಸಾಹೇಬರು ಕೊಂಬು ಹೊರಚಾಚಿ, ನೆಲ ಮೂಸಿ, ಸೌತೆಕಾಯಿಯತ್ತ ಸವಾರಿ ಹೊರಟರು. ಗುಡುಗಪ್ಪನವರು ಸ್ಟೂಲು ಹತ್ತಿ ಚಾವಣಿ ಒರೆಸಿದರು, ಗೋಡೆ ಒರೆಸಿದರು, ಕುಕ್ಕರು ಬೆಳಗಿದರು. ಬಕೆಟ್ಟು ಮೂಲೆಗಿಟ್ಟು ಬೆನ್ನು ನೆಟ್ಟಗೆ ಮಾಡುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಬಂದ್ಯಾ? ಸುಸ್ತಾಗಿರಬೇಕು. ಕೂತ್ಕೋ, ಟೀ ಮಾಡ್ತೀನಿ" ಎಂದರು, ಗೋಡೆಯತ್ತ ಒಂದು ಕಣ್ಣಿಟ್ಟು, ಮೆಲ್ಲಗೆ.

ಹೆಂಡತಿ ಕೈಯಲ್ಲಿದ್ದ ಚೀಲವನ್ನು ಕೆಳಗಿಡಲಿಲ್ಲ. "ಏನು ಮಾಡಿದ್ರಿ?"

"ಏನೂ ಇಲ್ಲ ಕಣೇ."

"ಬಸ್ಸು ತಡ ಆಯ್ತು. ಯಾಕೆ ತಡ ಅಂತ ಕೂಗಲಿಲ್ಲ ನೀವು."

"ಬಸ್ಸು ತಡ ಆದ್ರೆ ನೀನೇನು ಮಾಡ್ತೀಯ, ಪಾಪ."

'ಪಾಪ' ಎಂಬ ಮಾತು ಕೇಳಿ ಆಕೆಯ ಮುಖ ಬಿಳಿಚಿಕೊಂಡಿತು. ಚೀಲ ಹಿಡಿದೇ ಅಡುಗೆಮನೆ ನೋಡಿದಳು, ಬೀರು ತೆಗೆದು ನೋಡಿದಳು, ಸಾಹೇಬರನ್ನು ನೋಡಿದಳು. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿದ್ದಷ್ಟೂ ಆಕೆಯ ಭಯ ಹೆಚ್ಚಿತು.

"ಕೆಲಸ ಹೋಯ್ತಾ ರೀ?"

"ಇಲ್ಲ."

"ಡಾಕ್ಟರು ಏನಾದ್ರೂ ಹೇಳಿದ್ರಾ? ಮುಚ್ಚಿಡಬೇಡಿ."

"ಇಲ್ಲಮ್ಮ, ಸುಮ್ನೆ ಮೆತ್ತಗೆ ಮಾತಾಡ್ತಿದ್ದೀನಿ ಅಷ್ಟೆ."

ಆಕೆ ಫೋನು ತೆಗೆದಳು. "ಅಕ್ಕಾ, ಇವ್ರು ಮೆತ್ತಗೆ ಮಾತಾಡ್ತಿದ್ದಾರೆ."

ಅಕ್ಕನ ದನಿ ಇಡೀ ಕೋಣೆಗೆ ಕೇಳಿಸಿತು. "ಮೆತ್ತಗಾ? ಹಾಗಾದ್ರೆ ಏನೋ ದೊಡ್ಡದೇ ಮಾಡ್ಕೊಂಡಿದ್ದಾರೆ. ನೀನು ಅಲ್ಲಿ ನಿಲ್ಲಬೇಡ, ಈಗ್ಲೇ ವಾಪಸ್ ಬಾ."

ಇರುವೆ, ನರ್ಸರಿ, ಪಾಯ, ಮೇಷ್ಟ್ರು, ಕುಕ್ಕರು, ಅಜ್ಜಿ, ಈಗ ಇದು. ಕಟ್ಟಿಟ್ಟಿದ್ದ ಒಡ್ಡು ಒಡೆಯಿತು.

"ನನ್ನ ಮನೇಲಿ ನಾನು ಮೆತ್ತಗೆ ಮಾತಾಡೋ ಹಾಗೂ ಇಲ್ವಾ? ಕೂಗಿದ್ರೂ ತಪ್ಪು, ಕೂಗದೇ ಇದ್ರೂ ತಪ್ಪಾ? ಎಲ್ಲಿಡಲಿ ನನ್ನ ಬಾಯಿನ? ಹೇಳ್ರೀ ಇಬ್ರೂ, ಎಲ್ಲಿಡಲಿ?"

ಕಿಟಕಿಯ ಗಾಜು ನಡುಗಿತು. ಹೆಂಡತಿ ನೀಳವಾಗಿ ಉಸಿರು ಬಿಟ್ಟಳು. ಮುಖಕ್ಕೆ ಬಣ್ಣ ವಾಪಸು ಬಂತು. "ಏನೂ ಇಲ್ಲ ಅಕ್ಕ, ಸರಿಯಾಗೇ ಇದ್ದಾರೆ" ಎಂದು ಫೋನು ಇಟ್ಟಳು. ಆಮೇಲೆ ಚೀಲವನ್ನು ಕೆಳಗಿಟ್ಟು, ಬಂದಾಗಿನಿಂದ ಮೊದಲ ಬಾರಿಗೆ ನಕ್ಕಳು. "ಎಷ್ಟು ಹೆದರಿಸಿಬಿಟ್ರಿ ರೀ. ಕೂತ್ಕೊಳ್ಳಿ, ಟೀ ನಾನೇ ಮಾಡ್ತೀನಿ."

ಆಗ ಬಾಗಿಲು ಸದ್ದಾಯಿತು. ಹೆಂಡತಿಯೇ ತೆಗೆದಳು. ಎದುರಿಗೆ ಕುಂಡದಜ್ಜಿ, ಒಂದು ಕಂಕುಳಲ್ಲಿ ಖಾಲಿ ಕುಂಡ, ಒಂದು ಕೈಯಲ್ಲಿ ಮಣ್ಣು ಕೆದಕುವ ಸೌಟು.

"ನನ್ನ ಮಣ್ಣು ಕೊಡ್ಸಮ್ಮ."

"ಯಾವ ಮಣ್ಣು ಅಜ್ಜಿ?"

ಅಜ್ಜಿ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. "ಕೂತ್ಕೋ ಮಗಳೇ. ಮೊದಲಿಂದ ಹೇಳ್ತೀನಿ."

"ಕುಕ್ಕರಿನ ಭಾಗ ನಾನು ಹೇಳಬೇಕು. ಅವರು ಅಲ್ಲಿರಲಿಲ್ಲ" ಎನ್ನುತ್ತಾ ಮೇಷ್ಟ್ರು ಮೆಟ್ಟಿಲಿಳಿದು ಬರುತ್ತಿದ್ದರು.

ಹೆಂಡತಿ ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದಳು. ಆಮೇಲೆ ಎದ್ದು, ಕೆಳಗಿಟ್ಟ ಚೀಲವನ್ನು ಮತ್ತೆ ಕೈಗೆತ್ತಿಕೊಂಡು, ಗಂಡನ ಕಡೆ ತಿರುಗಿ ತೀರಾ ಮೆಲ್ಲಗೆ ಹೇಳಿದಳು:

"ರೀ, ಸಾಹೇಬ್ರನ್ನ ಆ ಟಿಫನ್ ಡಬ್ಬಿಗೆ ಹಾಕಿ ಕೊಡಿ. ಅಕ್ಕನ ಮನೆ ಹಿತ್ತಲಲ್ಲಿ ಒಳ್ಳೇ ಮಣ್ಣಿದೆ."