ಲಿಫ್ಟಿನ ಫೋನೂ ದರ್ಜಿಯ ಆಣೆಯೂ

ಲಿಫ್ಟಿನೊಳಗೆ ತುರ್ತು ಫೋನ್ ಇರಬೇಕು, ಅದರ ಗುಂಡಿ ಒತ್ತಿದರೆ ಹೊರಗಿನ ಮೇಜಿನ ಫೋನು ಬಡಿದುಕೊಳ್ಳಬೇಕು, ಅದನ್ನು ಎತ್ತಲು ಒಬ್ಬ ಮನುಷ್ಯ ಇರಬೇಕು, ಇದು ಕಾಯ್ದೆ. ಬೀದರಿನ ಮಾಣಿಕರಾವ್ ಕಾಂಪ್ಲೆಕ್ಸಿನಲ್ಲಿ ಆ ಮನುಷ್ಯ ಕಲೀಮ. ಇವತ್ತಿನ ತಪಾಸಣೆಯಲ್ಲಿ ಪಾಸಾದರೆ ಅವನ ನೌಕರಿ ಕಾಯಂ, ಇಲ್ಲವಾದರೆ ಊರಾದ ಸಂತಪುರದ ಬಸ್ಸು ಹತ್ತಬೇಕೆಂದು ಮಾಲೀಕ ಮಾಣಿಕರಾವ್ ಅಪ್ಪಣೆ ಕೊಟ್ಟಿದ್ದರು.

ಎಡವಟ್ಟು ಶುರುವಾದದ್ದು ಭಾಲ್ಕಿಯ ಅತ್ತೆಯಿಂದ. ಬೆಳಿಗ್ಗೆ ಕಲೀಮ ಬಂದಾಗ ಪಕ್ಕದ ದರ್ಜಿ ನಜಮೋದ್ದೀನ ಅವನ ಮೇಜಿನ ಫೋನಿನಲ್ಲಿ ಭಾಲ್ಕಿಯ ತನ್ನ ಅತ್ತೆಗೆ ಬಿರಿಯಾನಿಯ ಹದ ಕೇಳುತ್ತಿದ್ದ.

"ಇದು ಜೀವ ಉಳಿಸೋ ಫೋನ್ ಅದ ನಜಮೋದ್ದೀನಭಾಯಿ! ನನ್ನ ಬಿಟ್ಟು ಯಾರೂ ಮುಟ್ಟಬಾರದು. ಆಣಿ ಮಾಡ್ರಿ!"

ಹೊಲಿಗೆ ಮಷೀನು ಮುಟ್ಟಿಸಿ ಆಣೆ ಮಾಡಿಸಿಯೇ ಬಿಟ್ಟ. ಅನ್ನ ಕೊಡುವ ಮಷೀನಿನ ಮೇಲಿನ ಆಣೆಯನ್ನು ದರ್ಜಿ ಪ್ರಾಣ ಹೋದರೂ ಮುರಿಯುವುದಿಲ್ಲ, ಅದರಲ್ಲೂ ಹೋಗುವುದು ಬೇರೆಯವರ ಪ್ರಾಣವಾದರೆ.

ತಪಾಸಣೆಯ ಸಾಹೇಬರು ಬರುವ ಮುಂಚೆ ಒಮ್ಮೆ ಪರೀಕ್ಷಿಸೋಣವೆಂದು ಕಲೀಮ ಲಿಫ್ಟ್ ಹೊಕ್ಕ. ಹೊರಗಿನ ಫೋನು ಎತ್ತಬೇಕಾದವನೂ ತಾನೇ ಎಂಬುದು ಬಾಗಿಲು ಮುಚ್ಚಿದ ಮೇಲೆ ಹೊಳೆಯಿತು. ಅಷ್ಟರಲ್ಲಿ ಕರೆಂಟು ಹೋಗಿ ಲಿಫ್ಟು ನಡುವೆ ನಿಂತಿತು. ಮೊಬೈಲು ಮೇಜಿನ ಮೇಲೆ ಚಾರ್ಜಿಗಿತ್ತು.

ಗುಂಡಿ ಒತ್ತಿದ. ಬ್ಯಾಟರಿಯ ಪುಣ್ಯ, ಕೆಳಗೆ ಫೋನು ಬಡಿದುಕೊಂಡಿತು.

"ನಜಮೋದ್ದೀನಭಾಯಿ, ಎತ್ರೀ!" ಎಂದು ಬಾಗಿಲ ಸಂದಿಯಿಂದ ಕೂಗಿದ.

"ಹ್ಯಾಂಗ ಎತ್ಲಿರಿ? ಆಣಿ ಮಾಡೇನಿ."

"ನಾನ ಹೇಳ್ಲಕತ್ತೇನಿ, ಎತ್ರಿ! ಲಿಫ್ಟಿನ್ಯಾಗ ಸಿಕ್ಕೊಂಡೇನಿ!"

"ಖರೇರಿ. ಆದ್ರ ಆಣಿ ಮುರದು ಮಷೀನ್ ಕೆಟ್ರ ಈದ್ ಹಬ್ಬದ ಬಟ್ಟಿ ಯಾರು ಹೊಲೀತಾರ? ನೀವ ಬಂದು ಎತ್ರಿ."

ತಪಾಸಣೆಯ ಸಾಹೇಬರು ಬಂದದ್ದು ಆಗಲೇ, ಜೊತೆಗೆ ಮಾಣಿಕರಾವ್.

"ಫೋನ್ ಚಲೋ ಅದ. ಎತ್ತೋ ಮನಷ್ಯಾ ಎಲ್ಲ್ಯಾನ?" ಎಂದರು ಸಾಹೇಬರು.

"ಒಳಗ ಇದ್ದೇನ್ರಿ ಸಾಹೇಬ್ರ!" ಎಂದು ಲಿಫ್ಟಿನೊಳಗಿಂದ ಕಲೀಮ ಕೂಗಿದ.

"ಡ್ಯೂಟಿ ಬಿಟ್ಟು ಅಲ್ಲೇನು ಮಾಡ್ತಾನ?" ಸಾಹೇಬರು ದರ್ಜಿಯತ್ತ ತಿರುಗಿದರು. "ನೀವ್ಯಾಕ ಎತ್ಲಿಲ್ಲ?"

"ಮುಟ್ಟಬಾರದಂತ ಹುಕುಂ ಅದರಿ."

ಸಾಹೇಬರ ಕಣ್ಣು ತುಂಬಿ ಬಂತು. "ಮಾಣಿಕರಾವ್, ನಿಯಮ ಪಾಲಿಸೋದಂದ್ರ ಹಿಂಗ. ಇಂಥವರನ್ನ ಇಟ್ಕೋರಿ!"

ಕರೆಂಟು ಬಂದು ಕಲೀಮ ಹೊರಬಿದ್ದಾಗ ಅವನ ಕುರ್ಚಿಯಲ್ಲಿ ನಜಮೋದ್ದೀನ ಕಾಯಮ್ಮಾಗಿ ಕುಳಿತಿದ್ದ. ಕಲೀಮ ಕಣ್ಣೊರೆಸಿಕೊಂಡು ಸಂತಪುರದ ಬಸ್ಸಿಗೆ ಹೊರಟ. ಹೊಸ್ತಿಲು ದಾಟುವಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ನಜಮೋದ್ದೀನ ಕೈ ಜೋಡಿಸಿದ.

"ಕಲೀಮಭಾಯಿ, ಎತ್ತಿಕೊಟ್ಟು ಹೋಗ್ರಿ. ಆಣಿ ಅದ."

ಕಲೀಮ ಎತ್ತಿದ. ಭಾಲ್ಕಿಯ ಅತ್ತೆ! ಬಿರಿಯಾನಿಗೆ ಉಪ್ಪು ಹೇಳುವುದು ಮರೆತಿದ್ದರಂತೆ.

ಬಸ್ಸು ಹೋಯಿತು. ಹಳೆಯ ನೌಕರ ರಿಸೀವರು ಹಿಡಿದು ಹೊಸ ನೌಕರನ ಕಿವಿಗೆ ಆನಿಸಿ ನಿಂತೇ ಇದ್ದ.