ಮೂವತ್ತನಾಲ್ಕು ವರ್ಷ ವಯಸ್ಸಿನ ಗೋಲ್‌ಕೀಪರನ ಪಾಲಕರ ಸಹಿ ಕುರಿತು

ಶ್ರೀಮಾನ್ ಭುಜಂಗರಾವ್ ಅವರಿಗೆ,
ಮುಖ್ಯ ತರಬೇತುದಾರರು, ಪನ್‌ಚಕ್ಕಿ ಫುಟ್‌ಬಾಲ್ ಕ್ಲಬ್,
ಛತ್ರಪತಿ ಸಂಭಾಜಿನಗರ.

ಮಾನ್ಯರೇ,

ಗೋದಾವರಿಯ ಸಮೀಪದಲ್ಲಿ ಕುಳಿತು, ತ್ರ್ಯಂಬಕೇಶ್ವರನನ್ನು ಮನಸಾ ವಂದಿಸಿ, ತಮಗೂ ತಮ್ಮ ಕೊರಳಲ್ಲಿ ತೂಗುವ ಸೀಟಿಗೂ ದೀರ್ಘಾಯುಷ್ಯವನ್ನು ಪ್ರಾರ್ಥಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ಹಾಲು, ಪೇಪರು, ನಲ್ಲಿಯ ನೀರು ಎಲ್ಲವೂ ತಂತಮ್ಮ ವೇಳೆಗೆ ಬರುತ್ತಿವೆ. ವೇಳೆಗೆ ಬಾರದವನೆಂದು ತಮ್ಮ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ದಾಖಲಾಗಿರುವವನು ತಮ್ಮ ತಂಡದ ಗೋಲ್‌ಕೀಪರನೂ ನಾಯಕನೂ ನನ್ನ ಮಗನೂ ಆದ ಶ್ರೀಪತಿಯೊಬ್ಬನೇ. ಈ ಪತ್ರವನ್ನು ನಮ್ಮ ಕನ್ನಡ ಬಳಗದ ವಾರದ ಹಾಳೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ನಿಪ್ಪಾಣಿಯವರು, ಕನ್ನಡ ಓದಬಲ್ಲಿರಿ. ತಮ್ಮ ತಂಡದಲ್ಲಿರುವ ನಮ್ಮ ಕಡೆಯ ತರುಣರಿಗೆ ಕನ್ನಡ ತಿಳಿಯುತ್ತದೆಯೇ ಹೊರತು ಓದಲು ಬಾರದು. ಆದ್ದರಿಂದ ಈ ಬಹಿರಂಗವು ತಮ್ಮ ಮರ್ಯಾದೆಗೆ ಕುಂದು ತರುವಷ್ಟು ಬಹಿರಂಗವಲ್ಲ.

ತಾವು ಕಾಲೇಜು ತಂಡವನ್ನು ಏಳು ವರ್ಷ ಸತತವಾಗಿ ವಿಶ್ವವಿದ್ಯಾಲಯದ ಕಪ್ಪಿಗೆ ಒಯ್ದವರು. ಹಾಗಿದ್ದೂ ಈ ಜೂನ್ ತಿಂಗಳಲ್ಲಿ ತಾವು ವೃತ್ತಿಪರ ತಂಡದ ಮುಖ್ಯ ತರಬೇತುದಾರರಾಗಿ ಅಧಿಕಾರ ವಹಿಸಿಕೊಂಡಾಗ, ಕಾಲೇಜಿನಲ್ಲಿ ಗೆದ್ದವರು ಇಲ್ಲಿ ಗೆಲ್ಲಬಲ್ಲರೇ ಎಂಬ ಪ್ರಶ್ನೆಯನ್ನು ಚಹದಂಗಡಿಗಳಲ್ಲಿ ಹಲವರು ಎತ್ತಿದರು. ಗೆಲ್ಲಬಲ್ಲರೆಂದು ನಾನು ವಾದಿಸಿದೆ. ವಿದ್ಯೆಯು ಕಟ್ಟಡ ಬದಲಾಯಿಸಿದ ಮಾತ್ರಕ್ಕೆ ಕರಗುವುದಿಲ್ಲವೆಂದು ನಂಬಿದವನು ನಾನು. ಇಷ್ಟು ಆಟ ತಿಳಿದವರನ್ನು ತಾನು ಕಂಡೇ ಇಲ್ಲವೆಂದು ಶ್ರೀಪತಿಯೂ ಮೊದಲ ವಾರವೇ ಹೇಳಿದ್ದ. ಎದುರಾಳಿಯು ಯಾವ ಕಾಲಿನಿಂದ ಒದೆಯುವನೆಂಬುದನ್ನು ಅವನ ಭುಜದ ಬಾಗಿನಿಂದ ಅರಿಯುವ ಬಗೆಯನ್ನು ತಾವು ಅವನಿಗೆ ಹದಿನೈದು ನಿಮಿಷದಲ್ಲಿ ಕಲಿಸಿದಿರಂತೆ. ಹದಿನಾಲ್ಕು ವರ್ಷ ಗೋಲು ಕಾಯ್ದವನು ಹೊಸತೊಂದನ್ನು ಕಲಿತ ಸಂತೋಷದಲ್ಲಿ, ಆ ವಾರದ ಬಿಡುವಿಗೆ ಮನೆಗೆ ಬಂದಾಗ ಎರಡು ಹೋಳಿಗೆ ಹೆಚ್ಚು ತಿಂದ.

ಆದರೆ ಮಾನ್ಯರೇ, ತಾವು ವಿದ್ಯೆಯೊಂದಿಗೆ ಹಾಜರಿ ಪುಸ್ತಕವನ್ನೂ ತಂದಿರಿ. ಆಟಗಾರರ ವಸತಿಯಲ್ಲಿ ಒಂಬತ್ತೂವರೆಗೆ ದೀಪ ಆರಬೇಕು, ಊಟಕ್ಕೆ ಮುನ್ನ ಮೊಬೈಲುಗಳು ಟ್ರಂಕಿನೊಳಗೆ ಸೇರಬೇಕು, ರಜೆ ಬೇಕಾದವನು ಪಾಲಕರ ಸಹಿಯುಳ್ಳ ಅರ್ಜಿ ತರಬೇಕು. ನಮ್ಮ ಹಿರಿಯರು ಬ್ರಹ್ಮಚಾರಿಗೆ ಒಂದು ಧರ್ಮವನ್ನೂ ಗೃಹಸ್ಥನಿಗೆ ಇನ್ನೊಂದನ್ನೂ ಬೇರೆ ಬೇರೆಯಾಗಿ ವಿಧಿಸಿ ಅನವಶ್ಯಕವಾಗಿ ಶ್ರಮಪಟ್ಟರೆಂದು ನನಗೆ ಈಗ ತಿಳಿಯುತ್ತಿದೆ. ಅವರಿಗೆ ಹೊಳೆಯದಿದ್ದ ಸುಲಭೋಪಾಯವನ್ನು ತಾವು ಕಂಡುಹಿಡಿದಿದ್ದೀರಿ: ಎಲ್ಲರನ್ನೂ ಬ್ರಹ್ಮಚಾರಿಗಳೆಂದೇ ಬಗೆದರೆ ಒಂದೇ ಪುಸ್ತಕ ಸಾಕು.

ಎರಡು ವಾರಗಳ ಹಿಂದೆ ನನ್ನ ಸೊಸೆ ರಂಜನಿಗೆ, ಬಸುರಿನ ಎಂಟನೆಯ ತಿಂಗಳಲ್ಲಿ, ರಕ್ತದೊತ್ತಡ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಶ್ರೀಪತಿಯು ತಮ್ಮ ಸಹಾಯಕರಿಗೆ ಫೋನಿನಲ್ಲಿ ತಿಳಿಸಿ, ಸಿಕ್ಕ ಬಸ್ಸು ಹತ್ತಿ ಬಂದು, ಎರಡು ದಿನ ಅವಳ ಮಗ್ಗುಲಲ್ಲಿ ಕುಳಿತಿದ್ದು, ಮೂರನೆಯ ದಿನದ ಮುಂಜಾನೆಯ ಅಭ್ಯಾಸಕ್ಕೆ ಮರಳಿದ. ಪಾಲಕರ ಸಹಿ ಎಲ್ಲಿ ಎಂದು ತಾವು ಕೇಳಿದಿರಿ. ಅವನಲ್ಲಿ ಇರಲಿಲ್ಲ. ಅಂದಿನಿಂದ ಅವನು ಮೈದಾನದ ಹೊರಗೆ, ಗೋಲು ಮೈದಾನದ ಒಳಗೆ; ನಡುವೆ ಎರಡು ಪಂದ್ಯಗಳು ಹೋದವು, ಏಳು ಗೋಲುಗಳು ಬಂದವು. ಬರುವ ಭಾನುವಾರದ್ದು ಕೊನೆಯ ಪಂದ್ಯ. ಸೋತರೆ ಕ್ಲಬ್ಬು ಕೆಳಗಿನ ಲೀಗಿಗೆ ಇಳಿಯುತ್ತದೆ. ಇಳಿದ ಕ್ಲಬ್ಬು ಮೂವತ್ತನಾಲ್ಕರ ಗೋಲ್‌ಕೀಪರನ ಕರಾರನ್ನು ಮುಂದುವರಿಸುವುದಿಲ್ಲವೆಂಬುದು ತಮಗೂ ಗೊತ್ತು, ಅವನಿಗೂ ಗೊತ್ತು. ಒಂದು ಸಹಿಯ ಮೇಲೆ ಇಷ್ಟೆಲ್ಲವನ್ನೂ ನಿಲ್ಲಿಸಿದ ತಮ್ಮ ಸಮತೋಲನವನ್ನು ಯಾವ ಸರ್ಕಸ್ಸಿನಲ್ಲೂ ನಾನು ಕಂಡಿಲ್ಲ.

ತಮ್ಮ ಕರೆಯ ಮೇರೆಗೆ ನಾನು ಬುಧವಾರ ಬೆಳಗಿನ ಗಾಡಿಯಲ್ಲಿ ಮನಮಾಡ್ ದಾಟಿ ಸಂಭಾಜಿನಗರಕ್ಕೆ ಬಂದೆನಷ್ಟೆ. ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ನನಗಿಂತ ಮೊದಲೇ ಸಕ್ರವ್ವನವರು ಕುಳಿತಿದ್ದರು. ಅವರು ತಮ್ಮ ತಂಡದ ಡಿಫೆಂಡರ್ ಮನೋಜನ ತಾಯಿ, ಇಂಡಿ ತಾಲೂಕಿನ ಕಡೆಯವರು; ಮಗನು ದೀಪ ಆರಿದ ಮೇಲೆ ಹೆಂಡತಿಗೆ ಫೋನು ಮಾಡಿದ ಅಪರಾಧಕ್ಕಾಗಿ ಬಂದಿದ್ದರು. ತಾನು ಹೊಲದ ಕೆಲಸ ಬಿಟ್ಟು ಬಂದಿರುವುದನ್ನೂ, ಮಗನು ಸಣ್ಣವನಿದ್ದಾಗ ಮಾಡಿದ ತುಂಟತನಗಳನ್ನೂ ಸವಿಸ್ತಾರವಾಗಿ ನಿರೂಪಿಸಿ ಕೊನೆಗೆ ಹೇಳಿದರು: “ನನ್ನ ಮಗಾ ಎರಡು ಮಕ್ಕಳ ತಂದಿ ಅದಾನ್ರೀ ಆಚಾರ್ರ. ಮೊಮ್ಮಕ್ಕಳ ಸಾಲಿಯವ್ರು ನನ್ನ ಒಮ್ಮೆನೂ ಕರದಿಲ್ಲ. ಇವನ ಸಾಲಿಗೆ ಕರಸ್ಯಾರ ನೋಡ್ರಿ.”

ತಾವು ನನ್ನನ್ನು ಬಹಳ ಗೌರವದಿಂದ ಬರಮಾಡಿಕೊಂಡು, ಚಹ ತರಿಸಿ, ಶ್ರೀಪತಿಯು ಮನೆಯಲ್ಲಿ ವೇಳೆಗೆ ಸರಿಯಾಗಿ ಮಲಗುವನೇ ಎಂದು ವಿಚಾರಿಸಿದಿರಿ. ಅವನು ನನ್ನ ಮನೆಯಲ್ಲಿಲ್ಲ, ನಾನೇ ಅವನ ಮನೆಯಲ್ಲಿರುವವನು, ಹೀಗಾಗಿ ಈ ಪ್ರಶ್ನೆಯನ್ನು ನನ್ನ ಕುರಿತು ಅವನಲ್ಲಿ ಕೇಳುವುದು ಕ್ರಮವೆಂದು ನಿವೇದಿಸಿದೆ. ತಾವು ನಕ್ಕು, ಅರ್ಜಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟಿರಿ.

“ಆಚಾರ್ಯರೇ, ಇದು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದ ನಿಯಮ. ನೀವೊಂದು ಸಹಿ ಹಾಕಿ, ಭಾನುವಾರ ಅವನನ್ನು ಆಡಿಸುತ್ತೇನೆ” ಎಂದಿರಿ.

ಓಝರ್‌ನ ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ಸಹಿಯೆಂಬುದು ಸುಲಭವಾಗಿ ಹರಿಯುವ ವಸ್ತುವಲ್ಲ. ‘ಸದರಿ ವಿದ್ಯಾರ್ಥಿಯು ನನ್ನ ಪಾಲನೆಯಲ್ಲಿದ್ದು’ ಎಂದು ಅರ್ಜಿಯಲ್ಲಿ ಅಚ್ಚಾಗಿತ್ತು. ಅವನು ವಿದ್ಯಾರ್ಥಿಯೂ ಅಲ್ಲ, ನನ್ನ ಪಾಲನೆಯಲ್ಲೂ ಇಲ್ಲ. ಸಂಧ್ಯಾವಂದನೆ ಮಾಡಿ ಬಂದ ಕೈಯಿಂದ ಅಂಥ ಸುಳ್ಳಿನ ಕೆಳಗೆ ಹೆಸರು ಬರೆಯುವುದು ಹೇಗೆ? ಬರೆಯದಿದ್ದರೆ ಮಗನ ಆಟವೇ ಮುಗಿಯುವುದಲ್ಲ? ಪೆನ್ನಿಗೆ ಮುಚ್ಚಳ ಹಾಕಿ, ಅಂಚೆಯಲ್ಲಿ ಕಳಿಸುವೆನೆಂದು ಹೇಳಿ ಎದ್ದೆ.

ಸ್ಟೇಷನ್ನಿನವರೆಗೆ ಸ್ಕೂಟರಿನಲ್ಲಿ ಬಿಡಲು ಬಂದ ಶ್ರೀಪತಿಯು ದಾರಿಯುದ್ದಕ್ಕೂ ರಂಜನಿಯ ಔಷಧಿಗಳ ಬಗ್ಗೆಯೇ ಮಾತಾಡಿದ. ಗಾಡಿ ಬರುವ ಹೊತ್ತಿಗೆ ಮಾತ್ರ ಹೀಗೆಂದ: “ಅಪ್ಪಾ, ಸಹಿ ಮಾಡಬೇಕನಿಸಿದ್ರ ಮಾಡ್ರಿ, ನಾ ಸಿಟ್ಟಾಗಂಗಿಲ್ಲ. ಆದ್ರ ಹಿಂದ ನಿಂತು ಹತ್ತು ಮಂದಿಗೆ ಕೂಗಿ ಹೇಳಾಂವ ನಾನು. ಅಪ್ಪನ ಚೀಟಿ ತಂದಾಂವನ ಮಾತು ಯಾರು ಕೇಳತಾರ?”

ಮನಮಾಡಿನವರೆಗೆ ಈ ಮಾತನ್ನೇ ಯೋಚಿಸಿದೆ. ಮನಮಾಡಿನಿಂದ ಮುಂದೆ ತಮ್ಮನ್ನು ಯೋಚಿಸಿದೆ. ತಮ್ಮ ಕುರಿತು ನನಗಿರುವುದು ಬರಿಯ ಸಿಟ್ಟಲ್ಲ, ಒಂದು ಬಗೆಯ ಸಹೋದ್ಯೋಗಿಯ ಅನುಕಂಪ. ನಿವೃತ್ತನಾದ ಮೇಲೆ ನಾನು ದೇವಳಾಲಿ ಕ್ಯಾಂಪಿನಲ್ಲಿ ನಮ್ಮ ಸೈನಿಕ ಕುಟುಂಬಗಳಿಗೆ ಪ್ರತಿ ಶನಿವಾರ ಪುರಾಣ ಪ್ರವಚನ ಮಾಡುತ್ತಿದ್ದೆ. ತ್ರ್ಯಂಬಕದ ಕುಶಾವರ್ತ ತೀರ್ಥದಲ್ಲಿ ಮುಳುಗು ಹಾಕುವಾಗಲೂ ದಡದಲ್ಲಿ ಬಿಟ್ಟ ಚಪ್ಪಲಿಯನ್ನೇ ಧ್ಯಾನಿಸಿದ ಯಾತ್ರಿಕನ ದೃಷ್ಟಾಂತಕ್ಕೆ ಆರು ವರ್ಷ ಅವರು ಹೊಟ್ಟೆ ಹಿಡಿದು ನಕ್ಕರು. ನನ್ನ ವಾಗ್ವೈಭವವೆಂದೇ ಭಾವಿಸಿದ್ದೆ. ಆಮೇಲೆ ನಾಸಿಕ್ ರೋಡಿನಲ್ಲಿ ಪ್ರವಚನ ಆರಂಭಿಸಿದೆ. ಅಲ್ಲಿಯವರು ನೋಟಿನ ಮುದ್ರಣಾಲಯದ ನೌಕರರು, ಮೂವತ್ತು ವರ್ಷದಿಂದ ಕದಲದವರು. ಮೂರನೆಯ ಬಾರಿ ಚಪ್ಪಲಿಯ ಪ್ರಸಂಗ ಬಂದಾಗ ಮೊದಲ ಸಾಲಿನ ವಿದ್ಯಾವತಿಬಾಯಿಯವರು ತಗ್ಗಿದ ದನಿಯಲ್ಲಿ, “ಆಚಾರ್ರೇ, ಆ ಚಪ್ಪಲಿ ಇನ್ನೂ ಸಿಕ್ಕಿಲ್ಲೇನ್ರೀ?” ಎಂದು ಕೇಳಿದರು. ಕ್ಯಾಂಪಿನವರು ಆರು ವರ್ಷ ನಕ್ಕದ್ದು ನನ್ನ ಪ್ರತಿಭೆಗಲ್ಲ, ಎರಡು ವರ್ಷಕ್ಕೊಮ್ಮೆ ಅವರಿಗೆ ವರ್ಗವಾಗುತ್ತಿತ್ತು ಎಂಬುದು ಆ ಕ್ಷಣ ಹೊಳೆಯಿತು.

ತಮ್ಮ ಕಾಲೇಜೂ ಅಂಥದೇ ಕ್ಯಾಂಪು. ಮೂರು ವರ್ಷಕ್ಕೆ ಹಳಬರು ಹೊರಟು ಹೊಸಬರು ಬರುತ್ತಿದ್ದರು. ಕ್ರೀಡಾ ಕೋಟಾದಲ್ಲಿ ಜಿಲ್ಲೆಯ ಒಳ್ಳೆಯ ಆಟಗಾರರೆಲ್ಲ ತಮ್ಮಲ್ಲಿಗೇ ಬರುತ್ತಿದ್ದರು. ಎದೆ ತಟ್ಟಿಕೊಂಡು ‘ಗೆಲುವು ಬೂಟಿನಲ್ಲಿಲ್ಲ, ಇಲ್ಲಿದೆ’ ಎನ್ನುವ ತಮ್ಮ ಭಾಷಣ ಪ್ರತಿ ವರ್ಷವೂ ಹೊಸದಾಗಿಯೇ ಕೇಳಿಸುತ್ತಿತ್ತು. ಈಗ ಅದೇ ಜನ ಅದನ್ನು ಹತ್ತೊಂಬತ್ತು ಬಾರಿ ಕೇಳಿದ್ದಾರೆ. ತಾವು ಎದೆ ತಟ್ಟುವುದಕ್ಕಿಂತ ಅರೆಗಳಿಗೆ ಮುಂಚೆ ಮನೋಜ ತಟ್ಟಿಕೊಳ್ಳುತ್ತಾನಂತೆ. ವಿದ್ಯಾವತಿಬಾಯಿಯವರ ದೆಸೆಯಿಂದ ನಾನು ಅರವತ್ತಾರನೆಯ ವಯಸ್ಸಿನಲ್ಲಿ ಪ್ರತಿ ಶನಿವಾರಕ್ಕೂ ಹೊಸದಾಗಿ ಓದಿಕೊಂಡು ಹೋಗುವುದನ್ನು ಕಲಿತೆ. ತಮಗಿನ್ನೂ ಐವತ್ತು ದಾಟಿಲ್ಲ. ತಮ್ಮ ವಿದ್ಯೆಯ ಮಾತಿಗೆ ಅವರು ತಲೆಬಾಗುತ್ತಾರೆ, ಹಾಜರಿಯ ಮಾತಿಗೆ ನಗುತ್ತಾರೆ. ಇಷ್ಟನ್ನು ತಿಳಿದರೆ ಕಾಲೇಜಿನಿಂದ ಬಂದವರು ಇಲ್ಲಿಯೂ ಗೆಲ್ಲುತ್ತಾರೆಂಬ ನನ್ನ ವಾದವನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಹಾಗಲ್ಲದೆ ಪುಸ್ತಕವೇ ಮುಖ್ಯವೆಂದು ತಮಗೆ ತೋರಿದಲ್ಲಿ, ನಿಯಮವನ್ನು ಅರ್ಧಕ್ಕೆ ನಿಲ್ಲಿಸಬಾರದೆಂದು ವಿನಂತಿ. ನಗರಪಾಲಿಕೆಗೆ ಬರೆದು ಶ್ರೀಪತಿಯ ವಯಸ್ಸನ್ನು ಹತ್ತೊಂಬತ್ತಕ್ಕೆ ಇಳಿಸಿಕೊಡಬೇಕು. ಅವನ ಪದವಿ ಮುಗಿಯುವವರೆಗೆ ಮದುವೆಯು ಮುಂದೂಡಲ್ಪಟ್ಟಿದೆಯೆಂದು ರಂಜನಿಗೆ ತಾವೇ ತಿಳಿಸಬೇಕು. ಅವಳ ಹೊಟ್ಟೆಯಲ್ಲಿರುವ ಕೂಸಿಗೆ ಬೇಸಿಗೆ ರಜೆಯ ಹೊರತು ಬೇರೆ ದಿನ ಹುಟ್ಟತಕ್ಕದ್ದಲ್ಲವೆಂದು ಸುತ್ತೋಲೆ ಕಳಿಸಬೇಕು. ಕೂಸು ಪಾಲಿಸದಿದ್ದರೆ ಅದರ ಪಾಲಕರನ್ನು ಕರೆಸಬಹುದು. ಅವರು ತಮ್ಮಲ್ಲೇ, ಆಡಿಸದವರ ಬೆಂಚಿನ ಮೇಲೆ ಕುಳಿತಿದ್ದಾರೆ.

ಇನ್ನು ಅರ್ಜಿಯ ವಿಷಯ. ಅದನ್ನು ತಮಗೆ ಅಂಚೆಯಲ್ಲಿ ಬರುವ ಈ ಪತ್ರದ ಪ್ರತಿಗೆ ಲಗತ್ತಿಸಿದ್ದೇನೆ. ‘ವಿದ್ಯಾರ್ಥಿ’ ಎಂಬುದನ್ನು ಹೊಡೆದು ‘ಆಟಗಾರ’ ಎಂದೂ, ‘ನನ್ನ ಪಾಲನೆಯಲ್ಲಿ’ ಎಂಬುದನ್ನು ಹೊಡೆದು ‘ತನ್ನ ಪಾಲನೆಯಲ್ಲಿ’ ಎಂದೂ ತಿದ್ದಿದ್ದೇನೆ. ಪಾಲಕರ ಸಹಿಯ ಜಾಗದಲ್ಲಿ ಸಹಿಯಿದೆ, ಅದು ನನ್ನದಲ್ಲ. ಎರಡು ವರ್ಷದ ಹಿಂದೆ ನನ್ನ ಕಣ್ಣಿನ ಪೊರೆ ತೆಗೆಯುವಾಗ ಆಸ್ಪತ್ರೆಯವರು ಇವರ ಪಾಲಕರು ಯಾರೆಂದು ಕೇಳಿದರು. ಮುಂದೆ ಬಂದು ಸಹಿ ಮಾಡಿದವನು ಶ್ರೀಪತಿ. ರಂಜನಿಯನ್ನು ಸೇರಿಸುವಾಗಲೂ ಅವನೇ ಮಾಡಿದ, ಆ ಎರಡು ದಿನ ಅವನು ಬಂದಿದ್ದು ಅದಕ್ಕೇ. ನಮ್ಮ ಮನೆಗೆ ಇರುವ ಪಾಲಕನು ಒಬ್ಬನೇ. ಆದಕಾರಣ ಅವನು ವಾರದ ಬಿಡುವಿಗೆ ಬಂದಾಗ ಅವನಿಂದಲೇ ಸಹಿ ಹಾಕಿಸಿದ್ದೇನೆ. ಪಾಲಕರ ಸಹಿ ಬೇಕೆಂದು ತಮ್ಮ ನಿಯಮ ಹೇಳುತ್ತದೆಯೇ ಹೊರತು ಪಾಲಕನು ಆಟಗಾರನೇ ಆಗಿರಬಾರದೆಂದು ಎಲ್ಲೂ ಹೇಳಿಲ್ಲ. ಹಿಂದು ಮುಂದು ಎರಡು ಬಾರಿ ಓದಿ ನೋಡಿದ್ದೇನೆ. ಕಾಗದ ಪೂರ್ಣವಾಗಿದೆ. ಭಾನುವಾರ ನಾಲ್ಕು ಗಂಟೆಗೆ ಪಂದ್ಯ.

ತಮ್ಮ ವಿಶ್ವಾಸಿ,
ಅರವಿಂದಾಚಾರ್ಯ ಮುತ್ತಗಿ
(ತಮ್ಮ ಗೋಲ್‌ಕೀಪರನ ಪಾಲನೆಯಲ್ಲಿರುವ ತಂದೆ)
ನಾಸಿಕ್ ರೋಡ್

ತಾ.ಕ.: ಫಲಿತಾಂಶಗಳ ಕುರಿತು ಮಾತಾಡಲು ಕ್ಲಬ್ಬಿನ ಮಾಲೀಕರು ಸೋಮವಾರ ತಮ್ಮನ್ನು ಕರೆಸಿದ್ದಾರೆಂದು ಕೇಳಿದೆ. ತಾವು ಒಬ್ಬರೇ ಹೋಗಬಹುದೆಂದು ನನ್ನ ಅಭಿಪ್ರಾಯ. ನಿಯಮದಂತೆ ತಂದೆಯವರನ್ನೂ ಕರೆದೊಯ್ಯುವುದಾದರೆ, ಬೆಂಚಿನ ಎಡತುದಿಯಲ್ಲಿ ಒಂದು ಮೊಳೆ ಎದ್ದಿದೆಯೆಂದು ಆ ಹಿರಿಯರಿಗೆ ಮುಂಚಿತವಾಗಿ ತಿಳಿಸಿರಿ. ನನ್ನ ಧೋತರಕ್ಕೆ ಯಾರೂ ತಿಳಿಸಿರಲಿಲ್ಲ.