ಬಿಚ್ಚದ ಹೊಲಿಗೆ

ತೂಕ ಇಳಿಸುವುದು ಹೇಗೆಂದು ಹೇಳಿಕೊಡುವವರು ಊರು ತುಂಬ ಇದ್ದಾರೆ. ಇಳಿದ ಮೇಲೆ ಉಳಿಯುವ ಚರ್ಮವನ್ನು ಎಲ್ಲಿಡಬೇಕೆಂದು ಮಾತ್ರ ಒಬ್ಬರೂ ಹೇಳುವುದಿಲ್ಲ. ದರ್ಜಿರಾಯರಿಗೆ ಲೋಕದ ಮೇಲಿದ್ದ ದೊಡ್ಡ ದೂರು ಇದೇ.

ಹಿಂದೆಲ್ಲ ಅವರು ಹೊಲಿಗೆಯಂತ್ರದ ಮುಂದೆ ಕುಳಿತರೆ ಯಂತ್ರ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ಡಾಕ್ಟರು ಗದರಿಸಿದರು. ಹೆಂಡತಿ ಸಕ್ಕರೆ ಡಬ್ಬವನ್ನು ಅಟ್ಟಕ್ಕೇರಿಸಿದರು. ರಾಯರು ಬೆಳಗು ಬೈಗು ನಡೆದೂ ನಡೆದೂ ಅರ್ಧಕ್ಕರ್ಧ ಕರಗಿದರು. ಆದರೆ ಕರಗಿದ್ದು ಒಳಗಿನ ಸರಕು. ಚೀಲ ಹಾಗೆಯೇ ಉಳಿಯಿತು. ಹೊಟ್ಟೆಯ ಚರ್ಮ ಸೊಂಟದ ಮೇಲೆ ಮಡಿಕೆ ಮಡಿಕೆಯಾಗಿ ಇಳಿಬಿದ್ದಿತು. ಗೋಡೆಗೆ ಮೊಳೆ ಹೊಡೆದರೆ, ಸುತ್ತಿಗೆ ನಿಂತ ಮೇಲೂ ತೋಳಿನ ಕೆಳಗಿನ ಚರ್ಮ ಗಾಳಿಯಲ್ಲಿ ಇನ್ನೆರಡು ಏಟು ಹೊಡೆಯುತ್ತಿತ್ತು.

ಬೇರೆಯವರಾಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಸಡಿಲವಾದದ್ದು ಏನು ಕಂಡರೂ ದರ್ಜಿಯ ಬೆರಳುಗಳು ತಾವಾಗಿಯೇ ಗುಂಡುಸೂಜಿ ಹುಡುಕುತ್ತವೆ.

"ಇದು ಬಟ್ಟೆಯಾಗಿದ್ರೆ ಎರಡು ಪಕ್ಕ ಹಿಡಿದು ಒಂದು ಹೊಲಿಗೆ ಓಡಿಸಿಬಿಡ್ತಿದ್ದೆ ಕಣೇ" ಎಂದು ಕನ್ನಡಿಯ ಮುಂದೆ ನಿಂತು ಎರಡೂ ಕೈಯಿಂದ ಹೊಟ್ಟೆಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಿದ್ದರು.

"ಹಾಗೇ ಹಿಡ್ಕೊಂಡು ಅಂಗಡಿಗೆ ಹೋಗ್ರೀ. ಕತ್ತರಿ ಹಿಡಿಯೋಕೆ ನಾನು ಬರ್ತೀನಿ" ಎನ್ನುತ್ತಿದ್ದರು ಆಕೆ.

ಮೊಮ್ಮಗಳಿಗಂತೂ ಸುಗ್ಗಿ. ಬೆರಳುದ್ದದ ಒಂದು ರಬ್ಬರ್ ಗೊಂಬೆ ಅವಳ ಜೀವ. ತಾತ ಬರಿಮೈಯಲ್ಲಿ ಕುಳಿತದ್ದೇ ತಡ, ಗೊಂಬೆಯನ್ನು ಹೊಟ್ಟೆಯ ಮಡಿಕೆಯೊಳಗೆ ಮಲಗಿಸಿ, ಮೇಲಿನ ಮಡಿಕೆಯನ್ನು ಹೊದಿಸಿ, "ತಾತ, ಅಲ್ಲಾಡಬೇಡ. ಪಾಪು ನಿದ್ದೆ ಮಾಡ್ತಿದೆ" ಎಂದು ಅಪ್ಪಣೆ ಮಾಡುತ್ತಿದ್ದಳು. (ಇಷ್ಟು ಮೆತ್ತನೆಯ ತೊಟ್ಟಿಲು ಯಾವ ಅಂಗಡಿಯಲ್ಲಿ ಸಿಕ್ಕೀತು?)

ಹೀಗಿರುವಾಗ ಡಾಕ್ಟರ ಆಹ್ವಾನ ಬಂದಿತು. ತೂಕ ಇಳಿಸಲು ಒದ್ದಾಡುತ್ತಿರುವವರನ್ನೆಲ್ಲ ಆಸ್ಪತ್ರೆಯ ಸಭಾಂಗಣದಲ್ಲಿ ಸೇರಿಸುತ್ತಾರಂತೆ. ರಾಯರು ವೇದಿಕೆ ಹತ್ತಿ ತಮ್ಮ ಸಾಹಸವನ್ನು ವರ್ಣಿಸಬೇಕಂತೆ. ರಾಯರ ಎದೆ ಉಬ್ಬಿತು. ಮರುಕ್ಷಣವೇ ಕಣ್ಣು ಹೊಟ್ಟೆಯ ಮೇಲೆ ಬಿದ್ದಿತು. ಮುಂದಿನ ಸಾಲಿನಲ್ಲಿ ಹೆಂಡತಿ ಕುಳಿತಿರುತ್ತಾಳೆ. ಜನ ತನ್ನನ್ನು ನೋಡಿ ಕಿಸಕ್ಕೆಂದರೆ ತಲೆ ತಗ್ಗಿಸಬೇಕಾದವಳು ಅವಳಲ್ಲವೇ? ಇಷ್ಟು ದಿನ ಉಪ್ಪು ಖಾರ ಅಳೆದಳೆದು ಬಡಿಸಿದವಳಿಗೆ ಆ ಅವಮಾನ ಆಗಕೂಡದು.

ಅಂದು ಸಂಜೆಯೇ ಹೊಟ್ಟೆ ಬಿಗಿಯುವ ಕವಚನಿರ್ಮಾಣಕಾರ್ಯ ಆರಂಭವಾಯಿತು. ಕಾಲರಿನ ಒಳಗೆ ಹಾಕುವ ದಪ್ಪ ಕ್ಯಾನ್ವಾಸ್, ಎರಡು ಪದರ. ಅಳತೆಯನ್ನು ರಾಯರು ತಾವೇ ತೆಗೆದುಕೊಂಡರು. ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗೆ ಜೀವಮಾನವಿಡೀ "ಉಸಿರು ಬಿಡಿ ಸ್ವಾಮಿ, ಉಸಿರು ಬಿಡಿ" ಎಂದು ಹೇಳುತ್ತ ಬಂದ ಮನುಷ್ಯ, ತಮ್ಮ ಸೊಂಟಕ್ಕೆ ಟೇಪು ಸುತ್ತಿದಾಗ ಉಸಿರನ್ನು ಬೆನ್ನುಮೂಳೆಯವರೆಗೆ ಎಳೆದುಕೊಂಡರು.

ಸಭೆಯ ಬೆಳಗ್ಗೆ ರಾಯರು ಅಂಗಿ ಬಿಚ್ಚಿ ಮಂಚದ ಮೇಲೆ ಕುಳಿತರು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಕೊಕ್ಕೆ ಇಡಬಾರದಿತ್ತೇನ್ರೀ? ಮನುಷ್ಯರನ್ನ ಒಳಗೆ ಹಾಕಿ ಹೊಲಿಯೋದು ಎಲ್ಲಾದ್ರೂ ಉಂಟಾ?"

"ಕೊಕ್ಕೆ ಅಂಗಿ ಮೇಲೆ ಎದ್ದು ಕಾಣುತ್ತೆ. ನೀನು ಹೊಲಿ, ಬಿಗಿಯಾಗಿ ಹೊಲಿ."

"ಬಿಚ್ಚೋದು ಹೇಗೆ?"

"ಬಿಚ್ಚೋ ಹೊಲಿಗೆ ನಮ್ಮನೇಲಿ ಯಾವಾಗ ಹಾಕಿದ್ದೀವಿ?" ಎಂದರು ರಾಯರು, ಹೆಮ್ಮೆಯಿಂದ.

ಆಕೆ ಕ್ಯಾನ್ವಾಸ್ ಸುತ್ತಿ, ರಾಯರ ಮಂಡಿಗೆ ಕಾಲು ಕೊಟ್ಟು ಎಳೆದು, ಪಕ್ಕೆಯ ಉದ್ದಕ್ಕೂ ಹೊಲಿದು ಗಂಟು ಹಾಕಿದರು. ಕನ್ನಡಿಯಲ್ಲಿ ಹೊಸ ಕಂಬವೊಂದು ನಿಂತಿತ್ತು. ಬಗ್ಗಲು ಬಾರದ ಕಂಬಕ್ಕೆ ಚಪ್ಪಲಿಯನ್ನೂ ಆಕೆಯೇ ತೊಡಿಸಬೇಕಾಯಿತು.

ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ಮೊಮ್ಮಗಳು ರಾಗ ತೆಗೆದಳು. "ನನ್ನ ಪಾಪು ಇಲ್ಲ!" ಮಂಚದ ಕೆಳಗೆ, ಬಕೆಟ್ಟಿನೊಳಗೆ, ದಾರದ ಡಬ್ಬದಲ್ಲಿ ಎಲ್ಲ ಕಡೆ ಹುಡುಕಿದರು. ಸಿಗಲಿಲ್ಲ. ಅಳುವ ಮಗುವನ್ನು ಎಳೆದುಕೊಂಡೇ ಸಭೆಗೆ ಹೋದರು.

ವೇದಿಕೆಯ ಮೇಲೆ ರಾಯರು ನಿಂತ ಭಂಗಿಗೆ ಜನ ಬೆರಗಾದರು. ಬಾಯಿ ತೆರೆದಾಗ ಇನ್ನಷ್ಟು ಬೆರಗಾದರು. ಒಂದು ಮಾತಿಗೆ ಒಂದು ಉಸಿರು ಬೇಕಾಗಿತ್ತು. ಒಳಗೆ ಅರ್ಧ ಉಸಿರಿಗೂ ಜಾಗವಿರಲಿಲ್ಲ.

"ಬಂಧುಗಳೇ... ನಾನು... ದಿನಾ... ನಡೆದೆ..."

ಜನ ಅದನ್ನು ಭಾವೋದ್ವೇಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ರಾಯರ ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿಗೆ ತಿರುಗಿತು. ಡಾಕ್ಟರು ಓಡಿಬಂದು ಅವರನ್ನು ಮೇಜಿನ ಮೇಲೆ ಮಲಗಿಸಿ, ಅಂಗಿಯ ಮೇಲಿನಿಂದಲೇ ಹೊಟ್ಟೆ ಒತ್ತಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಇಲ್ಲೇನೋ ಗಟ್ಟಿಯಾಗಿ ಕೈಗೆ ಸಿಗ್ತಾ ಇದೆಯಲ್ಲ, ಯಜಮಾನ್ರೇ! ಗೆಡ್ಡೆ ಇದ್ದ ಹಾಗಿದೆ. ಯಾವಾಗಿಂದ ಇದು?"

ಹೆಂಡತಿಯ ಮುಖದ ರಕ್ತವೆಲ್ಲ ಇಳಿಯಿತು. ಡಾಕ್ಟರು ಗುಂಡಿ ಬಿಚ್ಚಿ, ಕ್ಯಾನ್ವಾಸ್ ಕಂಡು ಬೆಪ್ಪಾಗಿ, ಆಸ್ಪತ್ರೆಯ ಪುಟ್ಟ ಕತ್ತರಿಯಿಂದ ಕತ್ತರಿಸಲು ನೋಡಿದರು. ಕತ್ತರಿ ಸೋತಿತು. ಎರಡು ಪದರ, ಮೇಲೆ ಆ ಮನೆಯ ಹೊಲಿಗೆ ಬೇರೆ.

"ಸ್ವಲ್ಪ ಸರೀರಿ, ಡಾಕ್ಟ್ರೇ" ಎಂದು ಹೆಂಡತಿ ವೇದಿಕೆ ಹತ್ತಿದರು. ಕೈಚೀಲದಿಂದ ಹೊರಬಂದದ್ದು ಅಂಗಡಿಯ ದೊಡ್ಡ ಕತ್ತರಿ. ಅದನ್ನು ಆಕೆ ಮನೆಯಿಂದಲೇ ಹಾಕಿಕೊಂಡು ಬಂದಿದ್ದರು. ಕತ್ತರಿ ನೇರವಾಗಿ ಹೋಯಿತು. ಕವಚ ಇಬ್ಭಾಗವಾಯಿತು. ಬಂಧನದಲ್ಲಿದ್ದ ಚರ್ಮವೆಲ್ಲ ಒಂದೇ ಸಲಕ್ಕೆ ಹೊರಳಿ ಮೇಜಿನ ಅಂಚಿನವರೆಗೆ ಹರಡಿಕೊಂಡಿತು. ಅದರ ನಡುವಿನಿಂದ ಬೆರಳುದ್ದದ ಏನೋ ಒಂದು ಉರುಳಿ ನೆಲಕ್ಕೆ ಬಿದ್ದಿತು.

"ನನ್ನ ಪಾಪು!" ಎಂದು ಮೊಮ್ಮಗಳು ಕಿರುಚಿದಳು. "ತಾತ ಹೊಟ್ಟೇಲಿ ಇಟ್ಕೊಂಡಿದ್ದಾನೆ!"

ಸಭಾಂಗಣದ ಮಾಡು ಹಾರಿಹೋಗುವಂತೆ ಜನ ನಕ್ಕರು. ಡಾಕ್ಟರು ನಗು ತಡೆಯಲಾರದೆ ಮೇಜು ಹಿಡಿದುಕೊಂಡರು. ಹೆಂಡತಿಯೊಬ್ಬರು ಮಾತ್ರ ನಗಲಿಲ್ಲ. ಗಂಡನ ಎದೆ ಏರಿ ಇಳಿಯುವುದನ್ನೇ ನೋಡುತ್ತ ನಿಂತಿದ್ದರು.

"ಮೊದಲು ದಪ್ಪ ಇದ್ದಾಗ ನೀವು ಮಲಗಿದ್ರೆ ಉಸಿರು ಸಿಕ್ಕಿಹಾಕ್ಕೊಳ್ತಿತ್ತು. ನಾನು ಕಣ್ಣು ಮುಚ್ಚದೆ ಕಾಯ್ತಿದ್ದೆ, ಇನ್ನೊಂದು ಬರುತ್ತೋ ಇಲ್ವೋ ಅಂತ. ಈಗ ಸಲೀಸಾಗಿ ಬರ್ತಿದೆ ಅಂತ ನಾನೂ ನಿದ್ದೆ ಮಾಡ್ತಿದ್ರೆ, ನೀವೇ ಅದನ್ನ ಕಟ್ಟಿ ಹಾಕ್ಕೊಳ್ತೀರಾ?"

"ನಿನಗೆ ನಾಚಿಕೆ ಆಗಬಾರದು ಅಂತ ಕಣೇ..."

"ನನಗ್ಯಾಕ್ರೀ ನಾಚಿಕೆ? ಗಂಡ ಉಸಿರಾಡ್ಕೊಂಡು ಇದ್ದಾನಲ್ಲ, ಅಷ್ಟು ಸಾಕು. ಬಟ್ಟೆ ಒಂದಿಷ್ಟು ಹೆಚ್ಚಾಯ್ತು, ಅಷ್ಟೇ" ಎಂದು ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ತೋಳಿನ ಜೋಲನ್ನು ಎತ್ತಿ ಹಿಡಿದು, "ನಂದೂ ಹಾಗೇ ಅಕ್ಕಾ!" ಎಂದಳು. ಮತ್ತೆ ನಗು ಎದ್ದಿತು. ಈ ಸಲ ಅದರಲ್ಲಿ ಹೆಂಡತಿಯದೂ ಸೇರಿತ್ತು.

ಮರುದಿನ ಅಂಗಡಿಗೆ ಗಿರಾಕಿಯೊಬ್ಬ ಬಂದ. ರಾಯರು ಟೇಪು ಹಿಡಿದು ಏಳಹೊರಟರು.

"ತಾತ, ಅಲ್ಲಾಡಬೇಡ!"

ರಾಯರು ಅಂಗಿಯ ಬಿಚ್ಚಿದ್ದ ಕೆಳಗುಂಡಿಗಳ ಕಡೆ ನೋಡಿಕೊಂಡರು. ಒಳಗಿನ ಮಡಿಕೆಯಲ್ಲಿ ಗೊಂಬೆ ಆಗಲೇ ಮಲಗಿಯಾಗಿತ್ತು. ಹೊಸಬನ ಮುಂದೆ ಕೊಂಚ ಗಂಭೀರವಾಗಿ ಕಾಣಲೆಂದು ಅವರು ಹೊಟ್ಟೆಯನ್ನು ಮೆಲ್ಲನೆ ಒಳಗೆಳೆದುಕೊಂಡರು. ಹೆಂಡತಿ ಅವರ ಕೈಯಿಂದ ಟೇಪು ತೆಗೆದುಕೊಂಡು ಗಿರಾಕಿಯ ಸೊಂಟಕ್ಕೆ ಸುತ್ತಿದರು. ಆದರೆ ಆಕೆಯ ಕಣ್ಣು ಇದ್ದದ್ದು ಗಂಡನ ಮೇಲೆ.

"ಉಸಿರು ಬಿಡಿ" ಎಂದರು.

ಗಿರಾಕಿ ಬಿಟ್ಟನೋ ಇಲ್ಲವೋ, ರಾಯರಂತೂ ಬಿಟ್ಟರು.